ಪ್ರೋಟೀನ್ ವಿಘಟನೆ ಮತ್ತು ರೋಗಗಳ ಕುರಿತ ಪಿಎಚ್‌ಡಿಗೆ ಯಾವುದು ಒಳ್ಳೆಯದು: ಪ್ರೋಟಿಯಾಸೋಮೋ, ಆಟೋಫೇಜಿಯೋ?

ಪ್ರೋಟೀನುಗಳನ್ನು ತುಂಡರಿಸುವ ಕೋಶಯಂತ್ರವಾದ ಪ್ರೋಟಿಯಾಸೋಮ್, ಕೋಶದ ಸಾಮಗ್ರಿಯನ್ನು ಚೀಲದಲ್ಲಿ ಕಟ್ಟಿ ಅರಗಿಸುವ ಆಟೋಫೇಜಿ, ಇವೆರಡರಲ್ಲಿ ಔಷಧದ ದಾರಿ ಯಾವುದರಲ್ಲಿ ಹತ್ತಿರ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಆಟೋಫೇಜಿಯನ್ನು ಆರಿಸಿಕೊಂಡೆ. ಆಮೇಲೆ ಹದಿನಾಲ್ಕು ತಿಂಗಳು ಕಳೆದುಕೊಂಡೆ. ಆದರೆ ಅದಕ್ಕೆ ಕಾರಣ ಆ ಆಯ್ಕೆಯಲ್ಲ, ಪ್ರೋಟೀನುಗಳನ್ನು ಓಡಿಸಿ ಬೇರ್ಪಡಿಸುವ ಒಂದು ಜೆಲ್‌ನಲ್ಲಿ ನಾನು ಹಾಕದೇ ಬಿಟ್ಟ ಎರಡು ಲೇನ್, ಅಂದರೆ ಎರಡು ಮಾದರಿಗಳ ಸಾಲು.

ನರಕೋಶಗಳಲ್ಲಿ ಗಂಟುಕಟ್ಟುವ ಪ್ರೋಟೀನನ್ನು ತೆರವುಗೊಳಿಸಬಲ್ಲ ರಾಸಾಯನಿಕವನ್ನು ನಾನು ಹುಡುಕುತ್ತಿದ್ದೆ. ಆಟೋಫೇಜಿಯಲ್ಲಿ ಜೀವಕೋಶವು ಬೇಡದ ಸಾಮಗ್ರಿಯನ್ನು ಜೋಡಿ ಪೊರೆಯ ಚೀಲದಲ್ಲಿ ಕಟ್ಟಿ ಲೈಸೋಸೋಮ್‌ಗೆ ಸಾಗಿಸುತ್ತದೆ. ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕಿಣ್ವಗಳು ಅದನ್ನು ಅರಗಿಸುತ್ತವೆ. ಎಲ್‌ಸಿ3 ಎಂಬ ಪ್ರೋಟೀನಿಗೆ ಕೊಬ್ಬಿನ ಅಣುವೊಂದು ಸೇರಿ ಅದು ಆ ಚೀಲದ ಪೊರೆಗೆ ಅಂಟಿಕೊಂಡಾಗ ಅದನ್ನು ಎಲ್‌ಸಿ3-2 ಎನ್ನುತ್ತೇವೆ. ತೂಕ ಹೆಚ್ಚಿದರೂ ಅದು ಜೆಲ್‌ನಲ್ಲಿ ಬೇಗ ಓಡಿ ಕೆಳಗಿನ ಪಟ್ಟಿಯಾಗಿ ಕಾಣುತ್ತದೆ. ನನ್ನ ರಾಸಾಯನಿಕ ಬಿದ್ದ ಕೋಶಗಳಲ್ಲಿ ಆ ಕೆಳಗಿನ ಪಟ್ಟಿ ಕಡುಗಪ್ಪಾಗಿ ಬಂತು. 'ಆಟೋಫೇಜಿ ಹೆಚ್ಚಿದೆ' ಎಂದು ಅಂದೇ ನೋಟ್‌ಬುಕ್‌ನಲ್ಲಿ ಬರೆದುಬಿಟ್ಟೆ.

ಎಡವಿದ್ದು ಇಲ್ಲೇ. ಚೀಲದೊಳಗಿನ ಎಲ್‌ಸಿ3-2 ಕೂಡ ಕೊನೆಗೆ ಲೈಸೋಸೋಮ್‌ನಲ್ಲಿ ಅರಗಿ ಹೋಗುವಂಥದ್ದು. ತೊಟ್ಟಿಯಲ್ಲಿ ನೀರೇರಿದೆ ಎಂದಮಾತ್ರಕ್ಕೆ ಒಳಹರಿವು ಹೆಚ್ಚಿದೆ ಎನ್ನಲಾಗದು, ತೂಬು ಕಟ್ಟಿಕೊಂಡಿದ್ದರೂ ನೀರು ಏರುತ್ತದೆ. ಎರಡನ್ನೂ ಬೇರ್ಪಡಿಸಬೇಕಾದರೆ ಲೈಸೋಸೋಮ್ ಆಮ್ಲೀಯವಾಗದಂತೆ ತಡೆಯುವ ಬಾಫಿಲೋಮೈಸಿನ್ ಒಂದನ್ನೇ ಕೊಟ್ಟ ಲೇನ್ ಒಂದು, ಅದರ ಜೊತೆಗೆ ನಮ್ಮ ರಾಸಾಯನಿಕವನ್ನೂ ಕೊಟ್ಟ ಲೇನ್ ಇನ್ನೊಂದು ಇರಲೇಬೇಕು. ಚೀಲಗಳು ನಿಜವಾಗಿ ಹೆಚ್ಚು ಹುಟ್ಟುತ್ತಿದ್ದರೆ ಎರಡನೆಯ ಲೇನ್‌ನ ಪಟ್ಟಿ ಮೊದಲನೆಯದಕ್ಕಿಂತ ಗಾಢವಾಗಿರುತ್ತದೆ. ನಾನು ಇವೆರಡನ್ನೂ ಹಾಕಿರಲಿಲ್ಲ. ಆಟೋಫೇಜಿಯಲ್ಲೇ ನಾಶವಾಗಬೇಕಾದ ಪಿ62 ಪ್ರೋಟೀನು ಕಡಿಮೆಯಾಗುವ ಬದಲು ಏರಿದ್ದು ಸ್ಪಷ್ಟ ಎಚ್ಚರಿಕೆಯಾಗಿತ್ತು. ಒತ್ತಡಕ್ಕೆ ಸಿಕ್ಕ ಕೋಶಗಳು ಪಿ62 ಅನ್ನು ಹೊಸದಾಗಿಯೂ ತಯಾರಿಸುತ್ತವೆ ಎಂಬ ಸಮಜಾಯಿಷಿಯನ್ನು ನನಗೆ ನಾನೇ ಕೊಟ್ಟುಕೊಂಡೆ. ಆ ಮಾತು ಸುಳ್ಳಲ್ಲ, ಆದ್ದರಿಂದಲೇ ಅದರ ಹಿಂದೆ ಅಷ್ಟು ದಿನ ಅಡಗಿಕೊಳ್ಳಲು ಸಾಧ್ಯವಾಯಿತು. ಕೊನೆಗೆ ಕರಡು ಓದಿದ ಹಿರಿಯರೊಬ್ಬರು 'ಬಾಫಿಲೋಮೈಸಿನ್ ಲೇನ್ ಎಲ್ಲಿ?' ಎಂದಷ್ಟೇ ಕೇಳಿದರು. ಆ ವಾರವೇ ಹಾಕಿ ನೋಡಿದರೆ ಎರಡೂ ಪಟ್ಟಿಗಳು ಒಂದೇ ಸಮ. ನನ್ನ ರಾಸಾಯನಿಕ ಗಂಟನ್ನು ಕರಗಿಸುತ್ತಿರಲಿಲ್ಲ, ಕರಗಿಸುವ ಜಾಗವನ್ನೇ ಮುಚ್ಚುತ್ತಿತ್ತು.

ಇದರಲ್ಲಿ ನನ್ನನ್ನು ಈಗಲೂ ಚುಚ್ಚುವ ವಿಷಯವೊಂದಿದೆ. 2016ರ ನೊಬೆಲ್ ಪಡೆದ ಯೋಶಿನೋರಿ ಓಸುಮಿ ಯೀಸ್ಟ್‌ನಲ್ಲಿ ಆಟೋಫೇಜಿಯನ್ನು ಕಂಡದ್ದು ತೂಬು ಕಟ್ಟಿಯೇ: ಅರಗಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ಉಪವಾಸ ಕೆಡವಿದಾಗ ಯೀಸ್ಟ್‌ನ ಲೈಸೋಸೋಮ್ ಎನ್ನಬಹುದಾದ ವ್ಯಾಕ್ಯೂಲ್‌ನಲ್ಲಿ ಚೀಲಗಳು ರಾಶಿಬಿದ್ದು ಸೂಕ್ಷ್ಮದರ್ಶಕಕ್ಕೆ ಕಾಣಿಸಿದವು. ಅವರು ತಿಳಿದೇ ಕಟ್ಟಿದ್ದರು; ನಾನು ಕಟ್ಟಿದ್ದು ನನಗೇ ಗೊತ್ತಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕೋಶವೇ ಈ ಎರಡನ್ನು ಅಷ್ಟು ದೂರ ಇಟ್ಟಿಲ್ಲ. ಪಾರ್ಕಿನ್‌ಸನ್ ರೋಗದ ಒಂದು ಆನುವಂಶಿಕ ಬಗೆಗೆ ಕಾರಣವಾಗುವ ಪಾರ್ಕಿನ್ ಜೀನ್ 1998ರಲ್ಲಿ ಪತ್ತೆಯಾಯಿತು. ಅದರ ಪ್ರೋಟೀನು ಕೆಟ್ಟ ಮೈಟೊಕಾಂಡ್ರಿಯಾಕ್ಕೆ ಅಂಟಿಸುವುದು ಯುಬಿಕ್ವಿಟಿನ್ ಎಂಬ 76 ಅಮೈನೊ ಆಮ್ಲಗಳ ಚೀಟಿಯನ್ನು, ಅಂದರೆ ಒಡೆಯಬೇಕಾದ ಪ್ರೋಟೀನನ್ನು ತೋರಿಸಿಕೊಡುವ, ಪ್ರೋಟಿಯಾಸೋಮ್ ಸಂಶೋಧಕರು ತಮ್ಮದೆನ್ನುವ ಚೀಟಿಯನ್ನು. ಅದನ್ನು ಓದಿ ಆ ಮೈಟೊಕಾಂಡ್ರಿಯಾವನ್ನು ನುಂಗುವುದು ಆಟೋಫೇಜಿ. ಔಷಧದ ದೂರವನ್ನು ಮೊದಲೇ ಅಳೆಯುವುದೂ ವ್ಯರ್ಥ. 1978ರಲ್ಲಿ ಹರ್ಷ್ಕೊ ಮತ್ತು ಸಿಕನೋವರ್ ಎಂಬ ವಿಜ್ಞಾನಿಗಳು ಅಪಕ್ವ ಕೆಂಪು ರಕ್ತಕಣಗಳ ಸಾರವನ್ನು ಕಾಯಿಸಿ, ಬಿಸಿಗೂ ಕೆಡದ ಪುಟ್ಟ ಅಂಶವೊಂದನ್ನು ಗುರುತಿಸಿದರು. ಅದೇ ಯುಬಿಕ್ವಿಟಿನ್ ಎಂದು ನಂತರ ತಿಳಿಯಿತು. ಪ್ರೋಟಿಯಾಸೋಮನ್ನು ತಡೆಯುವ ಬೋರ್ಟೆಜೊಮಿಬ್‌ಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ, ಅಂದರೆ ಇಪ್ಪತ್ತೈದು ವರ್ಷಗಳ ನಂತರ.

ಹಾಗಾಗಿ ವಿಷಯಕ್ಕಿಂತ ಮೊದಲು ಪ್ರಯೋಗಾಲಯವನ್ನು ಆರಿಸಿ. ಸಂದರ್ಶನಕ್ಕೆ ಹೋದಾಗ, ಪ್ರಕಟವಾಗದ ಒಂದು ಜೆಲ್‌ನ ಪೂರ್ಣ ಚಿತ್ರವನ್ನು ತೋರಿಸಲು ಕೇಳಿ. ಪ್ರೋಟೀನು ಕಡಿಮೆಯಾಗಿದೆ ಎಂದು ಅವರು ಹೇಳಿದರೆ, ಅದು ಒಡೆದುಹೋಗಿದೆಯೋ ಅಥವಾ ತಯಾರಾಗುವುದೇ ನಿಂತಿದೆಯೋ ಎಂಬುದನ್ನು ಹೇಗೆ ಬೇರ್ಪಡಿಸಿದಿರಿ ಎಂದು ವಿಚಾರಿಸಿ. ಈ ಪ್ರಶ್ನೆಗೆ ಮುನಿಸಿಕೊಳ್ಳುವ ಕಡೆ ಸೇರಬೇಡಿ.