ತುಟಿಯ ಸ್ಟಡ್, ಕೆಲಸದ ನಿಯಮ, ನಡುವೆ ವಸಡು
(ಓದುಗರ ಪ್ರಶ್ನೆ, ದಂತವೈದ್ಯೆಯ ಉತ್ತರ)

ಪ್ರಶ್ನೆ: ನಾನು ಉಡುಪಿಯವಳು, ವಯಸ್ಸು 23. ಓದು ಮುಗಿದ ಖುಷಿಗೆ ಬೆಂಗಳೂರಿನಲ್ಲಿ ಕೆಳತುಟಿಯ ಕೆಳಗೆ, ಸರಿಯಾಗಿ ನಡುವಿಗೆ ಚುಚ್ಚಿಸಿಕೊಂಡೆ. ಐದು ವಾರ ಕಳೆಯುವಷ್ಟರಲ್ಲಿ ಮಂಗಳೂರಿನ ಹೋಟೆಲೊಂದರ ಸ್ವಾಗತ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕಿವಿ, ಮೂಗು ಬಿಟ್ಟರೆ ಮುಖದಲ್ಲಿ ಬೇರೆಲ್ಲೂ ಆಭರಣ ಕಾಣಬಾರದು ಎಂಬ ನಿಯಮ ಅಲ್ಲಿದೆ. ಬೆಳಿಗ್ಗೆ ಬಸ್ ಹತ್ತುವ ಮೊದಲು ತೆಗೆದಿಟ್ಟು ಸಂಜೆ ಮನೆಗೆ ಬಂದ ಮೇಲೆ ಹಾಕಿಕೊಳ್ಳುತ್ತಿದ್ದೇನೆ. ಈಗೀಗ ಹಾಕುವಾಗ ರಕ್ತ ಬರುತ್ತಿದೆ, ತುಟಿಯ ಒಳಭಾಗ ಊದಿದೆ. ಬ್ಯಾಂಡೇಜ್ ಅಂಟಿಸಿ ನೋಡಿದೆ, ಸುತ್ತಲಿನ ಚರ್ಮ ಬೆಳ್ಳಗಾಗಿ ಸುಲಿಯಿತು. ತೂತು ಮುಚ್ಚಬಾರದು, ಕೆಲಸವೂ ಉಳಿಯಬೇಕು. ದಾರಿ ಇದೆಯೇ?
— ಹೆಸರು ಬೇಡ

ಉತ್ತರ: ದಾರಿ ಇದೆ. ಆದರೆ ಮೊದಲು ಈ ದಿನನಿತ್ಯದ ಕಳಚಾಟವನ್ನು ಇಂದಿಗೇ ನಿಲ್ಲಿಸಿ. ನಿಮ್ಮ ರಕ್ತಕ್ಕೂ ಊತಕ್ಕೂ ಅದೇ ಕಾರಣವಿರಬೇಕು.

ಚುಚ್ಚಿದ ತೂತು ಹೊರಗಿನಿಂದ ನೋಡುವಾಗ ಬೇಗ ಒಣಗಿದಂತೆ ಕಾಣುತ್ತದೆ. ಒಳಗಿನ ಕಥೆ ಬೇರೆ. ಹೊರಗಿನಿಂದ ಚರ್ಮ, ಬಾಯಿಯ ಕಡೆಯಿಂದ ತೆಳು ಲೋಳೆಪೊರೆ, ಎರಡೂ ಕಡ್ಡಿಯ ಸುತ್ತ ಸ್ವಲ್ಪ ಸ್ವಲ್ಪವಾಗಿ ಒಳಗೆ ಬೆಳೆದು ನಡುವಿನಲ್ಲಿ ಕೂಡಿಕೊಳ್ಳಬೇಕು. ತುಟಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು ಬೇಕು, ಆ ಪದರ ಗಟ್ಟಿಯಾಗಲು ಇನ್ನೂ ಹೆಚ್ಚು. ನೀವು ಪ್ರತಿ ಸಂಜೆ ಕಡ್ಡಿ ತೂರಿಸುವಾಗ ಹಸಿ ಗಾರೆಯ ಮೇಲೆ ಕೈಯಾಡಿಸಿದಂತೆ ಆ ಎಳೆಯ ಪದರ ಕಿತ್ತು ಬರುತ್ತದೆ. ಮೇಲಾಗಿ ಬಾಯಿಯೊಳಗಿನ ಗಾಯ ಬಹಳ ಬೇಗ ಕೂಡುತ್ತದೆ. ಹಲ್ಲು ಕಿತ್ತ ಮೇಲೆ ನಾವು ಹರಸುವ ಈ ಗುಣವೇ ನಿಮ್ಮ ವಿಷಯದಲ್ಲಿ ತೊಡಕು: ಹೊಸ ತೂತು ಕೆಲವೇ ಗಂಟೆಗಳಲ್ಲಿ ಒಳಗಿನಿಂದ ಕಿರಿದಾಗಬಲ್ಲದು. ಒಂದು ಪಾಳಿ ಮುಗಿಯುವಷ್ಟು ಹೊತ್ತು ಸಾಕು.

ಹಾಗಾಗಿ ತೂತಿನಲ್ಲಿ ಯಾವಾಗಲೂ ಏನಾದರೊಂದು ಇರಲೇಬೇಕು. ಅದು ಕಣ್ಣಿಗೆ ಬೀಳದಂತಿರಬೇಕು, ಅಷ್ಟೇ. ಇದಕ್ಕೆ ರಿಟೇನರ್ ಎನ್ನುತ್ತಾರೆ. ಮಾಗಿದ ತೂತಿಗೆ ಪಾರದರ್ಶಕ ಗಾಜಿನದು ಅಥವಾ ಬಾಗುವ ವೈದ್ಯಕೀಯ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಗಾಜು ದೇಹಕ್ಕೆ ಒಗ್ಗುತ್ತದೆ, ಆಟೋಕ್ಲೇವ್‌ನಲ್ಲಿ (ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) ಸಂಸ್ಕರಿಸಲೂ ಬರುತ್ತದೆ. ಆದರೆ ತುಟಿ ಕಚ್ಚುವ ಅಭ್ಯಾಸವಿದ್ದವರಿಗೆ ನಾನು ಅದನ್ನು ಹೇಳುವುದಿಲ್ಲ. ಮೃದು ಪ್ಲಾಸ್ಟಿಕ್ ಹಲ್ಲಿಗೆ ಕಡಿಮೆ ಪೆಟ್ಟು ಕೊಡುತ್ತದೆ. ಅದರ ದೋಷವನ್ನು ನಮ್ಮೂರಿನವರೇ ಚೆನ್ನಾಗಿ ಬಲ್ಲರು: ಅರಸಿನ ಹಿಡಿಯುತ್ತದೆ. ಮೀನಿನ ಗಸಿ ಉಂಡು ಕೆಲವು ದಿನ ಕಳೆದರೆ ಆ ಪಾರದರ್ಶಕ ಗುಂಡಿ ತಿಳಿಹಳದಿಯಾಗಿ, ಮರೆಮಾಡಬೇಕಾದದ್ದೇ ಎದ್ದು ತೋರುತ್ತದೆ. ಬಣ್ಣ ಕೆಟ್ಟ ಅಥವಾ ಗೀರು ಬಿದ್ದ ರಿಟೇನರನ್ನು ಎಸೆದು ಹೊಸದು ಹಾಕಬೇಕು, ಏಕೆಂದರೆ ಗೀರಿನಲ್ಲಿ ಹಲ್ಲಿನ ಮೇಲೆ ಕಟ್ಟುವಂಥದ್ದೇ ಪಾಚಿ ಕಟ್ಟುತ್ತದೆ. ಅಗ್ಗದ ಅಕ್ರಿಲಿಕ್ ಬೇಡವೇ ಬೇಡ.

ನಿಮ್ಮ ತೂತು ಇನ್ನೂ ಮಾಗಿಲ್ಲ. ಆದ್ದರಿಂದ ಈಗಲೇ ಪ್ಲಾಸ್ಟಿಕ್ಕಿಗೆ ಹೋಗುವ ಬದಲು ಚುಚ್ಚುವವರ ಬಳಿ ಹೋಗಿ ಒಂದೇ ಸಲ ಬದಲಾವಣೆ ಮಾಡಿಸಿಕೊಳ್ಳಿ: ದೇಹದೊಳಗೆ ಕೂರಿಸಲು ಯೋಗ್ಯವಾದ ಟೈಟಾನಿಯಂ (ಎಎಸ್‌ಟಿಎಂ ಎಫ್136 ಗುಣಮಟ್ಟದ್ದು ಎಂದು ಕೇಳಿ), ಹಿಂದೆ ಚಪ್ಪಟೆ ಬಿಲ್ಲೆ, ಮುಂದೆ ಹೊಳಪಿಲ್ಲದ ಪುಟ್ಟ ಚಪ್ಪಟೆ ತುದಿ. ಕೌಂಟರಿನ ಆಚೆ ನಿಂತವರಿಗೆ ಅದು ಚಿಕ್ಕ ಮಚ್ಚೆಯಷ್ಟೇ ಕಾಣುತ್ತದೆ. ಮೈಬಣ್ಣ ಬಳಿದ ತುದಿಗಳೂ ಮಾರಾಟಕ್ಕಿವೆ. ಬಣ್ಣ ಎದ್ದು ಗಾಯಕ್ಕೆ ಸೇರುವುದರಿಂದ ಅವು ಬೇಡ.

ಬ್ಯಾಂಡೇಜ್ ಬಿಟ್ಟುಬಿಡಿ. ನಮ್ಮ ಕರಾವಳಿಯ ಬೆವರಿನಲ್ಲಿ ಅಂಟುಪಟ್ಟಿಯ ಕೆಳಗೆ ಚರ್ಮ ಒಣಗುವುದೇ ಇಲ್ಲ. ಬೆಳ್ಳಗಾಗಿ ಸುಲಿಯುವುದು ಅದಕ್ಕೇ, ನಂಜು ಏರುವುದೂ ಅಲ್ಲಿಯೇ. ಮಾಗದ ತೂತಿನ ಬಾಯಿಗೆ ಕನ್ಸೀಲರ್, ಫೌಂಡೇಶನ್ ತಾಗಿಸಬೇಡಿ. ಮಾಸ್ಕ್ ಹಾಕಲು ಅನುಮತಿ ಸಿಕ್ಕಿದರೆ ಕೆಲವು ವಾರಗಳಿಗೆ ಅದು ಒಳ್ಳೆಯ ಆಸರೆ. ನೂಲು ಏಳುವ ಬಟ್ಟೆಯ ಮಾಸ್ಕ್ ಅಲ್ಲ, ಸರ್ಜಿಕಲ್ ಮಾಸ್ಕ್ ಹಾಕಿ. ಒದ್ದೆಯಾದ ಕೂಡಲೇ ಬದಲಿಸಿ.

ಇನ್ನು ನಿಮ್ಮ ಮೇಲಧಿಕಾರಿ. ಅವರಿಂದ ಮುಚ್ಚಿಡುವ ಬದಲು ನೇರವಾಗಿ ಹೇಳಿ ನೋಡಿ: ಗಾಯ ಮಾಗುವವರೆಗೆ ತೆಗೆಯುವಂತಿಲ್ಲ, ಆಮೇಲೆ ಕಾಣದಂಥದ್ದು ಹಾಕುತ್ತೇನೆ ಎಂದು. ಮಾಗುವವರೆಗಿನ ಅವಧಿಯನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಂಡು ಹೋದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಅವರು ಒಪ್ಪದಿದ್ದರೆ ಅಥವಾ ಗಾಯ ಇನ್ನೂ ಕೆರಳಿದರೆ, ತೆಗೆದು ಮುಚ್ಚಲು ಬಿಡಿ. ಕೆಲಸದಲ್ಲಿ ಕಾಲೂರಿದ ಮೇಲೆ ಮತ್ತೆ ಚುಚ್ಚಿಸಿಕೊಳ್ಳಬಹುದು. ಇದನ್ನು ಸೋಲೆಂದು ತಿಳಿಯಬೇಡಿ.

ಆರೈಕೆಗೆ ಔಷಧದಂಗಡಿಯಲ್ಲಿ ಸಿಗುವ 0.9 ಶೇಕಡಾ ಉಪ್ಪಿನ ಸಲೈನ್ ಸಾಕು, ಹೊರಗಡೆಗೆ ದಿನಕ್ಕೆರಡು ಸಲ. ಊಟವಾದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಆಲ್ಕೋಹಾಲ್ ಇರುವ ಮೌತ್‌ವಾಶ್ ಹೊಸ ಚರ್ಮವನ್ನೇ ಸುಡುತ್ತವೆ. ಅರಸಿನದ ಲೇಪವೂ ಬೇಡ. ತಿಳಿಯಾದ ಅಥವಾ ಬಿಳಿಚಾದ ದ್ರವ ಒಣಗಿ ಹಕ್ಕಳೆಯಾಗುವುದು ಸಹಜ. ಹಸಿರು ಹಳದಿ ಕೀವು, ಬಿಸಿಯಾಗಿ ಹರಡುವ ಕೆಂಪು, ಜ್ವರ, ದವಡೆಯ ಕೆಳಗೆ ಗಂಟು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರನ್ನು ಕಾಣಿ. ಕೀವು ಇದ್ದಾಗ ನೀವಾಗಿ ಸ್ಟಡ್ ತೆಗೆಯಬೇಡಿ: ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಬಿಲ್ಲೆ ತುಟಿಯೊಳಗೆ ಸ್ವಲ್ಪ ಕುಳಿ ಮಾಡಿಕೊಂಡು ಕೂರುವುದು ಸರಿ. ಮಾಂಸ ಅದರ ಮೇಲೆ ಬೆಳೆಯತೊಡಗಿದರೆ ತಡಮಾಡದೆ ಬನ್ನಿ.

ಮೂರು ತಿಂಗಳ ನಂತರ ನೀವೇ ಬದಲಿಸುವುದಾದರೆ, ಅವಸರದ ಬೆಳಿಗ್ಗೆ ಬೇಡ, ರಜೆಯ ದಿನ ಮಾಡಿ. ಹಲ್ಲುಜ್ಜಿ, ಕೈಗೆ ಸೋಪು ಹಚ್ಚಿ ಚೆನ್ನಾಗಿ ತೊಳೆದು, ಬೇಸಿನ್ನಿನ ತೂತು ಮುಚ್ಚುವಂತೆ ಬಟ್ಟೆ ಹಾಸಿಕೊಳ್ಳಿ. ಸಂಸ್ಕರಿಸಿದ ಹೊಸ ಕಡ್ಡಿ ಕೈಗೆಟಕುವಲ್ಲಿರಲಿ, ಗಾತ್ರ ಹಳೆಯದ್ದರಷ್ಟೇ ಇರಲಿ. ತುಟಿಗೆ ಸಾಮಾನ್ಯವಾಗಿ 16 ಗೇಜ್, ಸುಮಾರು 1.2 ಮಿ.ಮೀ. ದಪ್ಪ. ಎಂಜಲಿನಿಂದ ಮುಂದಿನ ತುದಿ (ಗುಂಡು) ಜಾರುತ್ತದೆ. ತುಟಿಯನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಿಂದ ಒರೆಸಿ, ನೈಟ್ರೈಲ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಒಳಗಿನ ಬಿಲ್ಲೆಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಮುಂದಿನ ಗುಂಡನ್ನು ಎಡಕ್ಕೆ ತಿರುಗಿಸಿ. ತಿರುಪಿಲ್ಲದ ಮಾದರಿಯಾದರೆ ನೇರವಾಗಿ ಎಳೆದರೆ ಸಾಕು. ಹೊಸದನ್ನು ಬಾಯಿಯ ಕಡೆಯಿಂದ, ಹಳೆಯದು ಬಂದ ದಾರಿಯಲ್ಲೇ, ಮೆಲ್ಲನೆ ತೂರಿಸಿ. ತಡೆ ಸಿಕ್ಕಿದರೆ ಒತ್ತಬೇಡಿ, ಹಳೆಯದನ್ನೇ ಮತ್ತೆ ಹಾಕಿ. ಅದೂ ಹೋಗದಿದ್ದರೆ ಅಂದೇ ಚುಚ್ಚಿದವರ ಬಳಿಗೋ ಇನ್ನೊಬ್ಬ ನುರಿತವರ ಬಳಿಗೋ ಹೋಗಿ.

ನೀವು ಕೇಳದ ಒಂದು ಮಾತು ಇದೆ. ದಂತವೈದ್ಯೆಯಾಗಿ ಅದನ್ನು ಹೇಳದೆ ಬಿಡಲಾರೆ. ಊತಕ್ಕೆ ಜಾಗವಿರಲೆಂದು ಮೊದಲು ಉದ್ದದ ಕಡ್ಡಿ, ಸುಮಾರು 10 ಮಿ.ಮೀ.ನದು, ಹಾಕಿರುತ್ತಾರೆ. ಊತ ಇಳಿದ ಮೇಲೆ ಅದನ್ನು ಗಿಡ್ಡದಕ್ಕೆ ಬದಲಿಸಬೇಕು. ಬಹಳ ಮಂದಿ ಹಾಗೇ ಬಿಡುತ್ತಾರೆ. ಪರೀಕ್ಷಿಸುವಾಗ ಕೆಳತುಟಿಯನ್ನು ಹೊರಕ್ಕೆ ಮಗುಚಿ ನೋಡಿದರೆ, ಬಿಲ್ಲೆ ಎಲ್ಲಿ ಉಜ್ಜುತ್ತಿದೆಯೋ ಸರಿಯಾಗಿ ಆ ಮುಂಹಲ್ಲಿನ ಬುಡದಲ್ಲಿ ವಸಡು ಉಗುರಿನ ಅಂಚಿನ ಆಕಾರದಲ್ಲಿ ಕೆಳಗೆ ಸರಿದಿರುತ್ತದೆ. ಬಿಳಿ ಹಲ್ಲಿನ ಕೆಳಗೆ ಮಂಕು ಹಳದಿಯ ಬೇರು ಇಣುಕುತ್ತದೆ. ನೋವು ಇರುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಅಲ್ಲಿಯ ವಸಡು ಮೊದಲೇ ತೆಳು. ಒಮ್ಮೆ ಇಳಿದದ್ದು ತಾನಾಗಿ ಮೇಲೆ ಬರುವುದಿಲ್ಲ, ಕೆಲವೊಮ್ಮೆ ಅಂಗುಳಿನಿಂದ ಅಂಗಾಂಶ ತೆಗೆದು ಕಸಿ ಮಾಡಬೇಕಾಗುತ್ತದೆ. ಹಾಗಾಗಿ ಬಿಲ್ಲೆ ವಸಡಿನ ಅಂಚಿಗೆ ತಾಗುತ್ತಿದೆಯೇ ಎಂದು ಆಗಾಗ ಕನ್ನಡಿಯಲ್ಲಿ ನೋಡಿಕೊಳ್ಳಿ, ನಾಲಿಗೆಯಿಂದ ಆಡಿಸುವ ಚಟ ಬಿಡಿ, ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ. ಕೋರಿ ರೊಟ್ಟಿ ತಿನ್ನುವಾಗ ಗರಿಗರಿ ಚೂರುಗಳು ಬಿಲ್ಲೆಯ ಅಡಿ ಸೇರುತ್ತವೆ, ಸಾರಿನಲ್ಲಿ ಪೂರ್ತಿ ನೆನೆದ ಮೇಲೆ ತಿನ್ನಿ.

ಪ್ರಶ್ನೆ: ತುಟಿಯ ಬದಿಗೆ ಚುಚ್ಚಿಸಿ ಒಂದು ವರ್ಷವಾಯಿತು. ಸ್ಟೀಲ್ ಸ್ಟಡ್ ಹಾಕಿದರೆ ತುರಿಕೆ. ಅಜ್ಜಿಯ ಚಿನ್ನದ ಮೂಗುಬೊಟ್ಟನ್ನು ರಥಬೀದಿಯ ಅಕ್ಕಸಾಲಿಗರಲ್ಲಿ ತುಟಿಗೆ ಹೊಂದಿಸಿಕೊಳ್ಳಬಹುದೇ? ಮನೆಯವರಿಗೂ, ನಾನು ಕಲಿಸುವ ಶಾಲೆಯವರಿಗೂ ಅದು ಕಣ್ಣಿಗೆ ಒಗ್ಗೀತು.
— ಓದುಗಿ, ಮಂಗಳೂರು

ಉತ್ತರ: ತುರಿಕೆಗೆ ನಿಕ್ಕಲ್ ಕಾರಣವಿರಬಹುದು. ಸ್ಟೀಲಿನಲ್ಲಿ ಅದು ಇರುತ್ತದೆ, ಜರ್ಮನ್ ಸಿಲ್ವರ್‌ನಲ್ಲಂತೂ ಧಾರಾಳವಾಗಿ. ಟೈಟಾನಿಯಂಗೆ ಬದಲಿಸಿ ನೋಡಿ, ತುರಿಕೆ ಇಳಿಯಬೇಕು.

ಮೂಗುಬೊಟ್ಟಿನ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಬೇಡ. ಅದರ ಕಡ್ಡಿ ತುಟಿಯ ತೂತಿಗೆ ತೀರಾ ಸಪೂರ. ಸಪೂರ ಕಡ್ಡಿ ಚರ್ಮವನ್ನು ಕೊಯ್ಯುತ್ತಾ ಜಾರುತ್ತದೆ. ಹಿಂದಿನ ತಿರುಪು ನೇರವಾಗಿ ವಸಡಿಗೆ ಚುಚ್ಚುತ್ತದೆ, ತಿರುಪಿನ ಗೆರೆಗಳಲ್ಲಿ ಎಂಜಲು ಗಟ್ಟಿಕಟ್ಟುತ್ತದೆ. 916ರ ಚಿನ್ನ ಮೆತ್ತಗಿನದು, ಬೇಗ ಗೀರು ಬೀಳುತ್ತದೆ. ಅಜ್ಜಿಯ ಬೊಟ್ಟು ಮೂಗಿನಲ್ಲೇ ಚೆಂದ. ಚಿನ್ನವೇ ಬೇಕೆಂದರೆ ತುಟಿಗೆಂದೇ ಮಾಡಿದ, ನಿಕ್ಕಲ್ ಬೆರೆಸದ 14 ಕ್ಯಾರೆಟ್ ತುದಿಗಳಿವೆ. ಒಳಗಿನ ಕಡ್ಡಿ, ಬಿಲ್ಲೆ ಟೈಟಾನಿಯಮ್ಮಿನದ್ದೇ ಇರಲಿ.

ಪ್ರಶ್ನೆ: ಕಾರ್ಕಳದ ಗೇರುಬೀಜ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ತುಟಿಯ ಲೋಹದ ಸ್ಟಡ್ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಕಿಕೊಂಡು, ಮಾಸ್ಕ್ ಒಳಗೆ ಯಾರಿಗೂ ತಿಳಿಯದಂತೆ ಕೆಲಸ ಮಾಡಬಹುದೇ?
— ಓದುಗ, ಕಾರ್ಕಳ

ಉತ್ತರ: ದಯವಿಟ್ಟು ಬೇಡ. ಮೊದಲ ಪತ್ರಕ್ಕೆ ಹೇಳಿದ್ದು ನಿಮಗೆ ಹೊಂದುವುದಿಲ್ಲ. ಸ್ವಾಗತದ ಕೌಂಟರಿನಲ್ಲಿ ಸ್ಟಡ್ ಬಿದ್ದರೆ ನಷ್ಟ ಅವರದ್ದು ಮಾತ್ರ. ನಿಮ್ಮಲ್ಲಿ ಬಿದ್ದರೆ ಅದು ಪೊಟ್ಟಣ ಸೇರಿ ಯಾರದೋ ಮಗುವಿನ ಬಾಯಿಗೆ ಹೋಗಬಹುದು. ಪ್ಯಾಕಿಂಗ್ ಸಾಲಿನ ಲೋಹಶೋಧಕ ಯಂತ್ರ ಉಕ್ಕಿನ ಚೂರನ್ನು ಹಿಡಿಯುತ್ತದೆ. ಪ್ಲಾಸ್ಟಿಕ್ಕನ್ನೂ ಗಾಜನ್ನೂ ಹಿಡಿಯುವುದಿಲ್ಲ. ಅಂದರೆ ನೀವು ಸುರಕ್ಷಿತವೆಂದು ಆರಿಸಿದ್ದೇ ಇಲ್ಲಿ ಹೆಚ್ಚು ಅಪಾಯದ್ದು. ಆಹಾರ ಮುಟ್ಟುವ ಕೆಲಸದಲ್ಲಿ ಆಭರಣ ಬೇಡವೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ತೂತು ಪೂರ್ತಿ ಮಾಗಿ ವರ್ಷಗಳೇ ಆಗಿದ್ದರೆ ಪಾಳಿಯ ಹೊತ್ತು ತೆಗೆದಿಟ್ಟು ಆಮೇಲೆ ಹಾಕಿಕೊಳ್ಳಲು ಆಗಬಹುದು. ಮೊದಲು ರಜೆಯ ದಿನ, ಒಂದೆರಡು ಗಂಟೆಯಿಂದ ಆರಂಭಿಸಿ ನೋಡಿ. ಹೊಸ ತೂತಾದರೆ ಕೆಲಸ, ಸ್ಟಡ್ ಎರಡರಲ್ಲಿ ಒಂದನ್ನೇ ಆರಿಸಬೇಕು.

ಪ್ರಶ್ನೆ: ಮಗಳು ಸ್ಟಡ್ ಬದಲಿಸುವಾಗ ಗುಂಡು ನುಂಗಿಬಿಟ್ಟಳು. ಆರಾಮವಾಗಿದ್ದಾಳೆ. ಏನು ಮಾಡಲಿ?
— ತಾಯಿ, ಕುಂದಾಪುರ

ಉತ್ತರ: ಹೊಟ್ಟೆಗೆ ಹೋದ ಸಣ್ಣ ನುಣುಪು ಗುಂಡು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಲದೊಂದಿಗೆ ಹೋಗುತ್ತದೆ. ಬಾಳೆಹಣ್ಣು ನುಂಗಿಸುವುದು, ವಾಂತಿ ಮಾಡಿಸುವುದು ಬೇಡ. ಹೊಟ್ಟೆನೋವು, ವಾಂತಿ, ಮಲದಲ್ಲಿ ರಕ್ತ ಕಂಡರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ನುಂಗಿದ್ದೋ ಉಸಿರಿನ ದಾರಿಗೆ ಇಳಿದದ್ದೋ ಎಂಬುದೇ ಇಲ್ಲಿ ಮುಖ್ಯ. ಬಿಡದ ಕೆಮ್ಮು, ಉಸಿರಾಡುವಾಗ ಸುಯ್ಯೆನ್ನುವ ಸದ್ದು, ಎದೆಯಲ್ಲಿ ಏನೋ ಸಿಕ್ಕಿಕೊಂಡ ಅನುಭವ ಇದ್ದರೆ ರಾತ್ರಿಯಾಗಿದ್ದರೂ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಿ. ಹೋಗುವಾಗ ಅದೇ ಗಾತ್ರದ ಇನ್ನೊಂದು ಗುಂಡು ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ. ಹುಡುಕುತ್ತಿರುವುದು ಏನೆಂದು ವೈದ್ಯರಿಗೆ ಒಡನೆ ತಿಳಿಯುತ್ತದೆ.