ಗುಣಾಂಕಗಳು ಮೈನಸ್ ಆಗಬಾರದು, ಕೂಡಿದರೆ 1 ಬರಬೇಕು: ಇಂಥ ರಿಗ್ರೆಷನ್‌ಗೆ ಯಾವ ಸಾಫ್ಟ್‌ವೇರ್ ಬಳಸಲಿ?

ನಿಮ್ಮ ಹತ್ತಿರ ಒಂದು ಮ್ಯೂಚುವಲ್ ಫಂಡ್‌ನ ತಿಂಗಳ ರಿಟರ್ನ್ ಇದೆ. ಅದರಲ್ಲಿ ಎಷ್ಟು ಪಾಲು ನಿಫ್ಟಿ 50ರಂತೆ, ಎಷ್ಟು ಪಾಲು ಮಿಡ್‌ಕ್ಯಾಪ್‌ನಂತೆ ನಡೆಯುತ್ತಿದೆ ಅಂತ ತಿಳಿಯಬೇಕು. ಎಕ್ಸೆಲ್‌ನಲ್ಲಿ ಸಾದಾ ರಿಗ್ರೆಷನ್ (ಫಂಡ್‌ನ ರಿಟರ್ನ್‌ಗೆ ಹೊಂದುವಂತೆ ಪ್ರತಿ ಇಂಡೆಕ್ಸ್‌ಗೂ ಒಂದು ಗುಣಾಂಕ, ಅಂದರೆ ಪಾಲು, ಹುಡುಕುವ ಲೆಕ್ಕ) ಹಾಕಿದರೆ ನಿಫ್ಟಿ 100ಕ್ಕೆ ಮೈನಸ್ 0.4 ಬಂತು ಅಂದಿದ್ದೀರಿ. ಇಂಥ ಫಂಡ್ ಶೇರು ಕೊಂಡು ಇಟ್ಟುಕೊಳ್ಳುತ್ತದೆ, ಮೈನಸ್ ಪಾಲು ಎಲ್ಲಿಂದ ಬರಬೇಕು ಅಲ್ವಾ?

ಸಾಫ್ಟ್‌ವೇರ್‌ಗಿಂತ ಮೊದಲು ಡೇಟಾ ನೋಡಿ. ನಿಫ್ಟಿ 50, ನಿಫ್ಟಿ 100 ಎರಡನ್ನೂ ಹಾಕಿದ್ದೀರಿ. ಆ 50 ಕಂಪನಿಗಳೂ 100ರ ಒಳಗೇ ಇವೆ. ಎರಡೂ ಒಟ್ಟಿಗೇ ಏರಿಳಿಯುತ್ತವೆ, ಹಾಗಾಗಿ ಒಂದು ವಿಪರೀತ ಜಾಸ್ತಿ, ಇನ್ನೊಂದು ಮೈನಸ್ ಆಗಿ ಕೂರುತ್ತದೆ. 100 ತೆಗೆದು ನಿಫ್ಟಿ ನೆಕ್ಸ್ಟ್ 50 (ಆ 100ರಲ್ಲಿ ಉಳಿದ 50 ಕಂಪನಿಗಳು) ಹಾಕಿ. ಜೊತೆಗೆ ಮಿಡ್‌ಕ್ಯಾಪ್ 150, ಸ್ಮಾಲ್‌ಕ್ಯಾಪ್ 250, ನಗದಿನ ಲೆಕ್ಕಕ್ಕೆ ಒಂದು ಲಿಕ್ವಿಡ್ ಇಂಡೆಕ್ಸ್. ಎಲ್ಲಕ್ಕೂ ಟಿಆರ್‌ಐ (ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕಿದ ಇಂಡೆಕ್ಸ್) ಅಂಕಿಗಳನ್ನೇ ತೆಗೆದುಕೊಳ್ಳಿ. ಫಂಡ್‌ನ ಗ್ರೋತ್ ಆಪ್ಷನ್‌ನ ಎನ್‌ಎವಿಯಲ್ಲಿ (ಒಂದು ಯೂನಿಟ್‌ನ ಬೆಲೆಯಲ್ಲಿ) ಡಿವಿಡೆಂಡ್ ಸೇರಿರುತ್ತದೆ, ಬರೀ ಪ್ರೈಸ್ ಇಂಡೆಕ್ಸ್‌ನಲ್ಲಿ ಇರುವುದಿಲ್ಲ.

ನೀವು ಮಾಡಹೊರಟಿರುವುದಕ್ಕೆ ಹೆಸರೂ ಇದೆ: ಸ್ಟೈಲ್ ಅನಾಲಿಸಿಸ್. ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1992ರಲ್ಲಿ ಬರೆದ ಲೇಖನದಿಂದ ಇದು ಚಾಲ್ತಿಗೆ ಬಂತು. ಯಾವ ಪಾಲೂ ಸೊನ್ನೆಗಿಂತ ಕಮ್ಮಿ ಇರಬಾರದು, ಎಲ್ಲ ಸೇರಿ 1 ಆಗಬೇಕು. ಈ ಎರಡನೇ ಷರತ್ತೇ ಯಾವ ಟೂಲ್ ಅನ್ನುವುದನ್ನು ತೀರ್ಮಾನಿಸುತ್ತದೆ.

ಮೊದಲನೆಯದಕ್ಕೆ ಬೇಕಾದಷ್ಟು ದಾರಿ ಇದೆ. ಪೈಥಾನ್ ಭಾಷೆಯ ಸೈಕಿಟ್-ಲರ್ನ್ ಲೈಬ್ರರಿಯ ಲೀನಿಯರ್ ರಿಗ್ರೆಷನ್‌ನಲ್ಲಿ 'ಪಾಸಿಟಿವ್' ಅನ್ನುವ ಆಯ್ಕೆ ಇದೆ. ಅಂಕಿಅಂಶದ ಭಾಷೆಯಾದ ಆರ್‌ನಲ್ಲಿ ಎನ್‌ಎನ್‌ಎಲ್‌ಎಸ್ ಪ್ಯಾಕೇಜ್ ಇದೆ. ಪೈಥಾನ್‌ನದೇ ಇನ್ನೊಂದು ಲೈಬ್ರರಿ ಸೈಪೈಯ 'ಎಲ್‌ಎಸ್‌ಕ್ಯೂ ಲೀನಿಯರ್' ಆದರೆ ಪ್ರತಿ ಗುಣಾಂಕಕ್ಕೂ ಬೇರೆ ಬೇರೆ ಮಿತಿ ಕೊಡಬಹುದು. ಮೊತ್ತದ ಷರತ್ತನ್ನು ಮಾತ್ರ ಇವು ಯಾವುವೂ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಸ್ಟೇಟಾ ಅನ್ನುವ ಅಂಕಿಅಂಶ ಸಾಫ್ಟ್‌ವೇರ್‌ನ 'ಸಿಎನ್ಎಸ್‌ರೆಗ್' ಇದಕ್ಕೆ ತದ್ವಿರುದ್ಧ, 'ಇಷ್ಟಕ್ಕೆ ಸಮ' (=) ಅನ್ನುವ ಷರತ್ತು ಮಾತ್ರ ಅದಕ್ಕೆ ಗೊತ್ತು. ಇನ್ನು, ಬಂದ ಪಾಲುಗಳನ್ನು ಅವುಗಳ ಮೊತ್ತದಿಂದ ಸುಮ್ನೆ ಭಾಗಿಸಿ 1 ಮಾಡಿಬಿಡೋಣ ಅಂತ ಹೊರಡಬೇಡಿ. ಮೊತ್ತವೇನೋ 1 ಆಗುತ್ತದೆ, ಆದರೆ ಅದು ಆ ಷರತ್ತಿನೊಳಗೆ ಡೇಟಾಕ್ಕೆ ಚೆನ್ನಾಗಿ ಹೊಂದುವ ಉತ್ತರ ಆಗಿರುವುದಿಲ್ಲ.

ಎರಡೂ ಷರತ್ತಿಗೆ ನಾನು ಬಳಸುವುದು ಪೈಥಾನ್‌ನ ಸಿವಿಎಕ್ಸ್‌ಪೈ. ಐದು ಇಂಡೆಕ್ಸ್‌ನ ಪಾಲುಗಳಿಗೆ ಐದು ಸಂಖ್ಯೆಗಳಿರುವ ಒಂದು ವೇರಿಯಬಲ್, 'ನಾನ್‌ನೆಗ್' ಅಂತ ಗುರುತು ಹಾಕಿ. ಇಂಟರ್ಸೆಪ್ಟ್‌ಗೆ (ಯಾವ ಇಂಡೆಕ್ಸ್‌ಗೂ ಸೇರದ ಸ್ಥಿರ ಅಂಕಿಗೆ) ಇನ್ನೊಂದು ವೇರಿಯಬಲ್, ಅದಕ್ಕೆ ಯಾವ ಕಟ್ಟೂ ಬೇಡ. ಫಂಡ್‌ನ ರಿಟರ್ನ್‌ಗೂ ಅಂದಾಜಿಗೂ ಇರುವ ವ್ಯತ್ಯಾಸಗಳ ವರ್ಗದ ಮೊತ್ತ ಕನಿಷ್ಠ ಆಗಲಿ, ಪಾಲುಗಳ ಮೊತ್ತ 1 ಇರಲಿ ಅಂತ ಎರಡು ಸಾಲು ಬರೆದರೆ ಮುಗಿಯಿತು. ನಾಳೆ 'ನಗದು 0.2 ದಾಟಬಾರದು' ಅನ್ನಿಸಿದರೆ ಇನ್ನೊಂದು ಸಾಲು, ಅಷ್ಟೆ. ಆರ್ ಬಳಸುವವರಿಗೆ ಇದೇ ಮಾದರಿಯ ಸಿವಿಎಕ್ಸ್ಆರ್ ಇದೆ.

ಆರ್‌ನ ಹಳೆಯ ಕ್ವಾಡ್‌ಪ್ರಾಗ್ ಕೂಡ ಗಟ್ಟಿ, ಬೇಗ ಓಡುತ್ತದೆ. ಆದರೆ ಅದರಲ್ಲಿ ಪ್ರತಿ ಷರತ್ತೂ ಮ್ಯಾಟ್ರಿಕ್ಸ್‌ನ ಒಂದು ಕಾಲಂ, ಸಾಲಲ್ಲ. ಮೊತ್ತದ ಷರತ್ತನ್ನು ಮೊದಲ ಕಾಲಂನಲ್ಲಿ ಇಟ್ಟು 'ಎಂಇಕ್ಯೂ'ಗೆ 1 ಕೊಡಬೇಕು. ಕೊಡದಿದ್ದರೆ ಅದರ ಡೀಫಾಲ್ಟ್ ಸೊನ್ನೆ. ಆಗ ನಿಮ್ಮ 'ಮೊತ್ತ 1' ಹೋಗಿ 'ಮೊತ್ತ 1 ಅಥವಾ ಜಾಸ್ತಿ' ಅಂತಾಗುತ್ತದೆ. ಎರರ್ ಬರುವುದಿಲ್ಲ, ಉತ್ತರ ಮಾತ್ರ ಬೇರೆ.

ಕೋಡ್ ಸಹವಾಸವೇ ಬೇಡ ಅಂದರೆ ಎಕ್ಸೆಲ್‌ನ ಸಾಲ್ವರ್ ಸಾಕು. ಐದು ಸೆಲ್‌ನಲ್ಲಿ ಪಾಲು, 'ಸಮ್‌ಪ್ರಾಡಕ್ಟ್'ನಿಂದ ಅಂದಾಜಿನ ಕಾಲಂ, 'ಸಮ್ಎಕ್ಸ್ಎಂವೈ2' ಕನಿಷ್ಠ ಆಗಬೇಕು, ಮೊತ್ತದ ಸೆಲ್ 1. ನಾನ್‌ನೆಗೆಟಿವ್ ಟಿಕ್ ಇದೆಯಾ ನೋಡಿಕೊಳ್ಳಿ. ರಿಟರ್ನ್ 0.012 ಅಂತ ಬೇಡ, 1.2 ಅಂತ ಶೇಕಡಾದಲ್ಲಿ ಇಡಿ, ತೀರಾ ಸಣ್ಣ ಅಂಕಿಗಳಿದ್ದರೆ ಸಾಲ್ವರ್ ಅರ್ಧದಾರಿಯಲ್ಲೇ ನಿಲ್ಲಬಹುದು.

ಯಾವುದರಲ್ಲೇ ಮಾಡಿ, ಗುಣಾಂಕ ಎಷ್ಟು ನಂಬಬಹುದು ಅಂತ ಹೇಳುವ ಮಾಮೂಲಿ ಟಿ-ವ್ಯಾಲ್ಯೂ, ಪಿ-ವ್ಯಾಲ್ಯೂ ಹುಡುಕಬೇಡಿ. ಯಾವುದಾದರೂ ಪಾಲು ಸೊನ್ನೆಗೆ ಅಂಟಿಕೊಂಡಿದ್ದರೆ ಆ ಸೂತ್ರಗಳು ನಿಲ್ಲುವುದಿಲ್ಲ, ಮಾಮೂಲಿ ಬೂಟ್‌ಸ್ಟ್ರಾಪ್ (ಇರುವ ಡೇಟಾದಿಂದಲೇ ಮತ್ತೆ ಮತ್ತೆ ಆರಿಸಿ ಲೆಕ್ಕ ಹಾಕುವುದು) ಕೂಡ ಅಲ್ಲಿ ಕೈಕೊಡುತ್ತದೆ. ಪಾಲು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನುವುದೂ ಬೇಕೇ ಬೇಕು ಅಂದರೆ ಬೇಯೀಸಿಯನ್ ಲೆಕ್ಕದ ಸಾಫ್ಟ್‌ವೇರ್ ಸ್ಟ್ಯಾನ್ ನೋಡಿ. ಅದರಲ್ಲಿ 'ಸಿಂಪ್ಲೆಕ್ಸ್' ಅನ್ನುವ ಟೈಪೇ ಇದೆ: ಸೊನ್ನೆಗಿಂತ ಕಮ್ಮಿ ಇಲ್ಲ, ಮೊತ್ತ 1. ನಿಮ್ಮ ಎರಡೂ ಷರತ್ತು ಒಂದೇ ಪದದಲ್ಲಿ ಮುಗಿಯುತ್ತವೆ.