ಎಂದೂ ಆಡದ ನಮ್ಮವ್ವ ಹೆಣ್ಣುಮಕ್ಕಳ ಆಟಕ್ಕೆ ಮಾಡಿದ್ದು

ನಿಮ್ಮ ತಾಯಿಯವರು ಕೆಲಸದಿಂದ ನಿವೃತ್ತರಾಗಿದ್ದು, ಊರಿನ ಹೆಣ್ಣುಮಕ್ಕಳ ಆಟಕ್ಕೆ ಏನಾದರೂ ಮಾಡಬೇಕೆಂದಿದ್ದಾರೆ, ಆದರೆ ಸ್ವತಃ ಎಂದೂ ಆಡಿದವರಲ್ಲ ಎಂದು ಬರೆದಿದ್ದೀರಿ. ಅಂಥವರಿಂದ ಏನಾದರೂ ಆದೀತೇ, ಹಾಗೆ ಮಾಡಿದವರನ್ನು ಯಾರಾದರೂ ಹತ್ತಿರದಿಂದ ಕಂಡಿದ್ದೀರಾ ಎಂದು ಕೇಳಿದ್ದೀರಿ. ನಾನು ಕಂಡಿದ್ದೇನೆ. ಅವಳು ನನ್ನ ಅವ್ವ. ಕಳೆದ ವರ್ಷ ಮಳೆಗಾಲದಲ್ಲಿ ತೀರಿಕೊಂಡಳು.

ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹಳ್ಳಿ. 2002ರಲ್ಲಿ ಅಕ್ಷರ ದಾಸೋಹ ಯೋಜನೆ ಮೊದಲು ಆರಂಭವಾದದ್ದು ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಅವುಗಳಲ್ಲಿ ನಮ್ಮ ಜಿಲ್ಲೆಯೂ ಒಂದು. ಅವ್ವ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಅಡುಗೆ ಕೋಣೆಯ ಬಾಗಿಲು ಆಟದ ಬಯಲಿಗೆ ಮುಖ ಮಾಡಿತ್ತು. ಬೇಳೆ ಬೇಯುವಷ್ಟು ಹೊತ್ತು ಹೊಸ್ತಿಲಲ್ಲಿ ನಿಂತು ಹುಡುಗಿಯರ ಖೋ ಖೋ ನೋಡುತ್ತಿದ್ದ ಅವಳು, ಯಾರೂ ಹೇಳಿಕೊಡದೆಯೇ ಆ ಆಟದ ಒಳಹೊರಗನ್ನೆಲ್ಲ ತಿಳಿದುಕೊಂಡಳು.

ಖೋ ಖೋದಲ್ಲಿ ಎಂಟು ಮಂದಿ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಅಟ್ಟುತ್ತಾಳೆ. ಅಟ್ಟುವವಳು ಹಿಡಿದ ದಿಕ್ಕನ್ನು ಗೆರೆಯ ತುದಿಯ ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ, ಕುಳಿತವರ ನಡುವೆ ದಾಟಿ ಹೋಗುವಂತಿಲ್ಲ. ಆದ್ದರಿಂದ ಎಷ್ಟು ಜೋರಾಗಿ ಓಡುತ್ತಾಳೆ ಎನ್ನುವುದಕ್ಕಿಂತ, ಯಾವ ಗಳಿಗೆಯಲ್ಲಿ ಯಾರಿಗೆ ಖೋ ಕೊಡುತ್ತಾಳೆ, ಅಂದರೆ ಕುಳಿತವಳ ಬೆನ್ನು ಮುಟ್ಟಿ 'ಖೋ' ಎಂದು ಕೂಗಿ ಅಟ್ಟುವ ಸರದಿ ಒಪ್ಪಿಸುತ್ತಾಳೆ ಎನ್ನುವುದರ ಮೇಲೆ ಆಟ ನಿಂತಿದೆ. ಅವ್ವನ ಕಣ್ಣು ಅಲ್ಲಿಯೇ ಇರುತ್ತಿತ್ತು. ಬೆನ್ನು ಮುಟ್ಟುವ ಮೊದಲೇ ಎದ್ದು ಫೌಲ್ ಮಾಡಿಕೊಳ್ಳುವ ಹುಡುಗಿಗೆ ಊಟ ಬಡಿಸುವಾಗ, "ಅವಸರ ಮಾಡಬ್ಯಾಡವ್ವಾ, ಬೆನ್ನಿಗಿ ಕೈ ಬಿದ್ದ ಮ್ಯಾಲ ಏಳು" ಎಂದು ಹೇಳುತ್ತಿದ್ದಳು. ಅವಳ ಬದುಕಿನಲ್ಲಿ ಈಡೇರದ ಆಸೆಯೊಂದು ಇದ್ದಿರಬೇಕು, ಅದಕ್ಕೇ ಇಷ್ಟೆಲ್ಲ ಮಾಡಿದಳು ಎಂದು ಬಂಧುಗಳು ಈಗಲೂ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅವಳಿಗೆ ಆಟ ನೋಡುವುದೆಂದರೆ ಬಹಳ ಪ್ರೀತಿ. ಚೆನ್ನಾಗಿ ಆಡುವ ಹುಡುಗಿಯೊಬ್ಬಳು ಮನೆಯ ಕಾರಣಕ್ಕೆ ಆಟ ಬಿಡುವುದನ್ನು ಅವಳು ಸಹಿಸುತ್ತಿರಲಿಲ್ಲ.

ಹುಡುಗಿಯರು ಆಟ ಬಿಡುವುದು ಆಸಕ್ತಿ ಇಲ್ಲದ್ದಕ್ಕಲ್ಲ ಎಂಬುದು ಅವಳಿಗೆ ಬಹುಬೇಗ ತಿಳಿಯಿತು. ಶಾಲೆಗಳ ವಲಯ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ನಮ್ಮ ಕಡೆ ಹೆಸರುಕಾಳಿನ ಕಾಯಿ ಬಿಡಿಸುವ, ತೊಗರಿಯಲ್ಲಿ ಕಳೆ ತೆಗೆಯುವ ಕಾಲವೂ ಅದೇ. ಕಾಯಿ ಒಣಗಿ ಸಿಡಿಯುವ ಮೊದಲೇ ಬಿಡಿಸಬೇಕಾದ್ದರಿಂದ ಮನೆಯ ಹೆಣ್ಣುಮಕ್ಕಳೆಲ್ಲ ಹೊಲದಲ್ಲಿರುತ್ತಾರೆ. ತಂಡದ ಹುಡುಗಿಯೊಬ್ಬಳನ್ನು ಪಂದ್ಯಕ್ಕೆ ಕಳುಹಿಸಲು ತಾಯಿ ಒಪ್ಪದಿದ್ದಾಗ ಅವ್ವ ಉಪದೇಶ ಮಾಡಲು ಹೋಗಲಿಲ್ಲ. ಭಾನುವಾರ ಆ ಮನೆಯವರ ಹೊಲಕ್ಕೆ ಹೋಗಿ, ಸೆರಗು ಕಟ್ಟಿ, ಸಂಜೆಯವರೆಗೆ ಹೆಸರು ಬಿಡಿಸಿಕೊಟ್ಟು, "ನಿಮ್ಮ ಹುಡುಗಿ ಪಾಲಿನ ಕೆಲಸ ಮುಗೀತು, ನಾಳೆ ಆಕಿಗಿ ಕಳಸ್ರಿ" ಎಂದಳು. ಕಳುಹಿಸದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಅಪ್ಪಂದಿರ ತಕರಾರು ಬೇರೆ. ಪರ ಊರು, ಗಂಡು ಮಾಸ್ತರರು, ಮರಳುವಾಗ ಕತ್ತಲು. ಅವ್ವ ಒಬ್ಬೊಬ್ಬರ ಮನೆಯ ಕಟ್ಟೆಗೂ ಹೋಗಿ ಕುಳಿತು, "ಅಣ್ಣಾ, ಆಕಿ ಜವಾಬ್ದಾರಿ ನಂದು. ಹೊತ್ತು ಮುಳುಗೋದ್ರಾಗ ನಿಮ್ಮ ಬಾಗಲಿಗಿ ತಂದು ಬಿಡ್ತೀನಿ" ಎಂದು ಮಾತು ಕೊಡುತ್ತಿದ್ದಳು, ಆ ಮಾತಿನಂತೆ ನಡೆದುಕೊಳ್ಳುತ್ತಿದ್ದಳು. ಅಂದಿನ ಬಿಸಿಯೂಟವನ್ನು ಜೊತೆಯ ಅಡುಗೆಯವರಿಗೆ ಒಪ್ಪಿಸಿ ತಾನೇ ತಂಡದ ಸಂಗಡ ಹೊರಡುತ್ತಿದ್ದಳು. ಚಡ್ಡಿ ಹಾಕಿ ಆಡಬಾರದೆಂಬ ಆಕ್ಷೇಪಕ್ಕೆ ಅವಳು ವಾದ ಹೂಡಲಿಲ್ಲ. ಟೇಲರ್ ಬಳಿ ಮೊಣಕಾಲು ದಾಟುವ ನೀಲಿ ಪ್ಯಾಂಟುಗಳನ್ನು ಹೊಲಿಸಿ, ಸೊಂಟಕ್ಕೆ ಅಗಲ ಇಲ್ಯಾಸ್ಟಿಕ್ ಹಾಕಿಸಿದಳು. ಆ ಪ್ಯಾಂಟುಗಳು ಒಂದು ತಂಡದಿಂದ ಮುಂದಿನ ತಂಡಕ್ಕೆ ಬಳುವಳಿಯಾಗಿ ಹೋದವು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕೆಲಸ ಇನ್ನೊಂದಿದೆ. ಮೈದಾನದ ಬಳಿ ಶೌಚಾಲಯ ಇಲ್ಲದಿದ್ದರೆ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ನಮ್ಮ ಭಾಗದ ಬಿಸಿಲಿನಲ್ಲಿ ನೀರಿಲ್ಲದೆ ಓಡಿದರೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಬೀಳುತ್ತಾರೆ, ನೋಡಿದವರು ಹೆಣ್ಣುಮಕ್ಕಳಿಗೆ ಶಕ್ತಿ ಸಾಲದು ಎನ್ನುತ್ತಾರೆ. ಅವ್ವ ಯಾವ ಊರಿಗೆ ಹೋದರೂ ಮೊದಲು ಮೈದಾನದ ಪಕ್ಕದ ಮನೆಗಳ ಹೆಂಗಸರನ್ನು ಮಾತನಾಡಿಸಿ, ಯಾರ ಮನೆಯ ಬಚ್ಚಲು, ಶೌಚಾಲಯ ಬಳಸಬಹುದೆಂದು ಗೊತ್ತು ಮಾಡಿಕೊಂಡು, ಆಮೇಲೆ ಹುಡುಗಿಯರಿಗೆ ಉಪ್ಪು, ನಿಂಬೆ ಹಾಕಿದ ನೀರು ಕುಡಿಸುತ್ತಿದ್ದಳು. ಅವಳ ಚೀಲದಲ್ಲಿ ಶೇಂಗಾ ಉಂಡಿಯ ಡಬ್ಬಿ, ಅದರ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿದ ಪ್ಯಾಡುಗಳು, ಒಂದು ಜೊತೆ ಹೆಚ್ಚಿನ ಪ್ಯಾಂಟು, ಪಿನ್ನುಗಳು ಇರುತ್ತಿದ್ದವು. ಮಾಸ್ತರರಿಗೆ ಹೇಳಿಕೊಳ್ಳಲಾಗದ ಮಾತನ್ನು ಹುಡುಗಿಯರು ಅವಳ ಕಿವಿಯಲ್ಲಿ ಹೇಳುತ್ತಿದ್ದರು. ಒಬ್ಬ ಹಿರಿಯ ಹೆಂಗಸು ಜೊತೆಯಲ್ಲಿರುವುದು ಎಷ್ಟು ದೊಡ್ಡ ನೆರವು ಎಂಬುದು ಗಂಡಸರಾದ ನಮಗೆ ಹೊಳೆಯುವುದೇ ಇಲ್ಲ.

ಮೈದಾನದ್ದೂ ಒಂದು ಕಥೆ. ಎರೆಮಣ್ಣು ಮಳೆಗೆ ಪಾದಕ್ಕೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಅಷ್ಟಕ್ಕೆ ಮುರುಮ್ (ಗರಸು ಮಣ್ಣು) ಹಾಕಿಸಬೇಕೆಂದು ಅವ್ವ ಟ್ರ್ಯಾಕ್ಟರ್ ಇದ್ದವರ ಮನೆಗಳಿಗೆಲ್ಲ ತಿರುಗಿ, ಒಬ್ಬೊಬ್ಬರಿಂದ ಒಂದೊಂದು ಟ್ರಿಪ್ ಹಾಕಿಸಿಕೊಂಡಳು.

ಆ ಹುಡುಗಿಯರಲ್ಲಿ ಹೆಚ್ಚಿನವರು ತಾಲ್ಲೂಕು ಮಟ್ಟ ದಾಟಲಿಲ್ಲ. ಕೆಲವರು ಜಿಲ್ಲಾ ಮಟ್ಟಕ್ಕೆ, ಒಬ್ಬಳು ವಿಭಾಗ ಮಟ್ಟಕ್ಕೆ ಹೋದಳು. ಅವಳು ಮುಂದೆ ಬಿ.ಪಿ.ಇಡಿ. ಓದಿ ದೈಹಿಕ ಶಿಕ್ಷಣ ಶಿಕ್ಷಕಿಯಾದಳು. ಅವ್ವನಿಗೆ ಎಲ್ಲರೂ ಒಂದೇ. ಸೋತು ಬಂದ ತಂಡಕ್ಕೂ ಅವಳು ಬಸ್ಸಿನಲ್ಲಿ ಅಷ್ಟೇ ಉಂಡಿ ಹಂಚುತ್ತಿದ್ದಳು.

ಅಜ್ಜಿಯಾಗಿಯೂ ಅವಳು ಬದಲಾಗಲಿಲ್ಲ. ಕೆಲಸ ಬಿಟ್ಟ ಮೇಲೆ ಕಲಬುರಗಿಯ ನಮ್ಮ ಮನೆಗೆ ಬಂದಳು. ನನ್ನ ಮಗಳು ಓಟ ಆರಿಸಿಕೊಂಡಿದ್ದಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವ ಬಿಸಿಲಿರುವುದರಿಂದ ಸೂರ್ಯ ಹುಟ್ಟುವ ಮೊದಲೇ ಅಭ್ಯಾಸ ಮುಗಿಯಬೇಕು. ಅವ್ವ ನಸುಕಿನಲ್ಲಿ ಅವಳನ್ನು ಎಬ್ಬಿಸಿ, ಆಟೋದಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಕರೆದೊಯ್ದು, ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದಳು. ಹತ್ತನೆಯ ತರಗತಿಗೆ ಬಂದಾಗ ಒಂದು ವರ್ಷ ಓಟ ನಿಲ್ಲಿಸಲಿ ಎಂಬ ಮಾತು ಮನೆಯಲ್ಲಿ ಬಂತು. ಅವ್ವ ಒಪ್ಪಲಿಲ್ಲ. "ಒಂದು ವರ್ಷ ಬಿಟ್ಟ ಹುಡುಗ್ಯಾರು ಯಾರು ತಿರುಗಿ ಬಂದಾರ, ಹೇಳು ನೋಡೋಣ" ಎಂದು ನನ್ನನ್ನೇ ಕೇಳಿದಳು. ಮಗಳು ಓಡುತ್ತಲೇ ಪರೀಕ್ಷೆ ಬರೆದಳು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದಾಗ ಅಜ್ಜಿ ಮೊಮ್ಮಗಳು ಒಟ್ಟಿಗೆ ಕುಳಿತು ನೋಡಿದರು. ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನ ಹುಡುಗಿ ಎಂದು ತಿಳಿದಾಗ, ಹಳ್ಳಿಯ ಶಾಲೆಯಲ್ಲಿ ಆಡಿದವಳೇ ಇರಬೇಕು ಎಂದು ಅವ್ವ ಮತ್ತೆ ಮತ್ತೆ ಹೇಳಿಕೊಂಡು ಹಿಗ್ಗಿದಳು.

ನಿಮ್ಮ ತಾಯಿಯವರಿಗೆ ಇಷ್ಟು ಹೇಳಿ. ಜುಲೈ ತಿಂಗಳಲ್ಲಿಯೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನೂ ದೈಹಿಕ ಶಿಕ್ಷಣ ಶಿಕ್ಷಕರನ್ನೂ ಕಂಡು, ಹುಡುಗಿಯರ ತಂಡದ ಸಂಗಡ ಬರುವ ಮಹಿಳೆ ಯಾರು ಎಂದು ಕೇಳಲಿ. ಯಾರೂ ಇಲ್ಲದಿದ್ದರೆ ತಾವು ಬರುವುದಾಗಿ ಹೇಳಲಿ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೋಗಿಬರುವ ಖರ್ಚಿನ ಚಿಂತೆಯೂ ಇಲ್ಲ. ಕ್ರೀಡಾಕೂಟದ ಹಿಂದಿನ ದಿನ ಮೈದಾನ ನೋಡಿಕೊಂಡು ಬಂದು ನೀರು, ಶೌಚಾಲಯ, ಮರಳುವ ಕೊನೆಯ ಬಸ್ಸಿನ ವೇಳೆ ವಿಚಾರಿಸಲಿ. ಆಟದ ನಿಯಮಗಳನ್ನು ಹುಡುಗಿಯರೇ ಹೇಳಿಕೊಡುತ್ತಾರೆ.